ನೋವನ್ನು ಹೊತ್ತ ಪಾತ್ರಗಳು

ಪಾತ್ರ ಎಂಬ ಶಬ್ದವು ನಮ್ಮ ನುಡಿಯಲ್ಲಿ ಎರಡು ಕಡೆ ದುಡಿಯುತ್ತದೆ. ಅಡುಗೆಮನೆಯ ಪಾತ್ರೆಯೂ ಅದೇ ಮೂಲದ್ದು, ರಂಗದ ಮೇಲೆ ನಟನು ಧರಿಸುವ ಪಾತ್ರವೂ ಅದೇ. ಭರತನ ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ರಚಿಸಿದ ಅಭಿನವಗುಪ್ತನು ಈ ಶ್ಲೇಷೆಯನ್ನು ಹಿಡಿದು ಒಂದು ಮಾರ್ಮಿಕವಾದ ವಿಚಾರವನ್ನು ಮುಂದಿಟ್ಟಿದ್ದಾನೆ. ಪಾತ್ರೆಯು ತನ್ನೊಳಗಿನ ರಸವನ್ನು ತಾನು ಆಸ್ವಾದಿಸುವುದಿಲ್ಲ, ಕುಡಿಯುವವನಿಗೆ ಒದಗಿಸುತ್ತದೆ, ಅಷ್ಟೆ. ನಟನೂ ಹಾಗೆಯೇ, ಆಸ್ವಾದವೇನಿದ್ದರೂ ಸಹೃದಯನ ಪಾಲಿನದು ಎಂಬುದು ಅದರ ತಾತ್ಪರ್ಯ. ಇದನ್ನು ಗುರುಗಳಿಂದ ಪಾಠ ಹೇಳಿಸಿಕೊಂಡು ದಶಕಗಳೇ ಸಂದವು. ಈಚೆಗೆ ವೈದ್ಯಮಿತ್ರರೊಬ್ಬರ ಒತ್ತಾಯಕ್ಕೆ ಕಟ್ಟುಬಿದ್ದು ಒಂದು ಅಮೆರಿಕನ್ ಚಲಚ್ಚಿತ್ರವನ್ನು ನೋಡುವಾಗ ಆ ಪಾಠ ಮತ್ತೆ ಮತ್ತೆ ನೆನಪಾಯಿತು. ಅಲ್ಲಿಯ ಪಾತ್ರಗಳು ತಮ್ಮೊಳಗಿನದರ ರುಚಿಯನ್ನು ಬಲ್ಲವಾಗಿದ್ದವು.

ಚಿತ್ರದ ಹೆಸರು 'ಆರ್ಡಿನರಿ ಪೀಪಲ್', ಎಂದರೆ ಸಾಮಾನ್ಯ ಜನರು. ಜೂಡಿತ್ ಗೆಸ್ಟ್ ಎಂಬ ಲೇಖಕಿ 1976ರಲ್ಲಿ ಪ್ರಕಟಿಸಿದ ಮೊದಲ ಕಾದಂಬರಿಯನ್ನು ಆಧರಿಸಿ ಆಲ್ವಿನ್ ಸಾರ್ಜೆಂಟ್ ಚಿತ್ರಕಥೆ ಬರೆದರು. ಅದುವರೆಗೆ ನಟನೆಂದೇ ಪ್ರಖ್ಯಾತನಾಗಿದ್ದ ರಾಬರ್ಟ್ ರೆಡ್‌ಫೋರ್ಡ್ ಮೊದಲ ಬಾರಿಗೆ ನಿರ್ದೇಶನದ ಹೊಣೆ ಹೊತ್ತು 1980ರಲ್ಲಿ ಅದನ್ನು ತೆರೆಗೆ ತಂದರು. ಆ ರೆಡ್‌ಫೋರ್ಡ್ 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಮಿತ್ರರು ಈ ಚಿತ್ರವನ್ನು ನನಗೆ ಸೂಚಿಸಿದ್ದು ಆ ಸಂದರ್ಭದಲ್ಲಿಯೇ.

ಕಥೆ ನಡೆಯುವುದು ಶಿಕಾಗೋ ನಗರದ ಉತ್ತರಕ್ಕೆ, ಮಿಶಿಗನ್ ಸರೋವರದ ದಂಡೆಯಲ್ಲಿರುವ ಲೇಕ್ ಫಾರೆಸ್ಟ್ ಎಂಬ ಸಿರಿವಂತರ ಊರಿನಲ್ಲಿ. ಜಾರೆಟ್ ದಂಪತಿಗಳಿಗೆ ಇಬ್ಬರು ಗಂಡುಮಕ್ಕಳು. ಹಿರಿಯನಾದ ಬಕ್ ಎಲ್ಲರ ಕಣ್ಮಣಿ. ಅಣ್ಣ ತಮ್ಮ ಇಬ್ಬರೂ ದೋಣಿಯೇರಿ ಹೋಗಿದ್ದಾಗ ಬಿರುಗಾಳಿಯೆದ್ದು ದೋಣಿ ಮಗುಚಿತು; ಅಣ್ಣನ ಕೈ ಜಾರಿತು, ತಮ್ಮ ಬಿಗಿಯಾಗಿ ಹಿಡಿದುಕೊಂಡ. ಹಾಗೆ ಬದುಕುಳಿದ ತಮ್ಮ ಕಾನ್ರಾಡ್ ಅನಂತರ ತನ್ನ ಜೀವವನ್ನೇ ನೀಗಿಕೊಳ್ಳಲು ಯತ್ನಿಸಿ, ನಾಲ್ಕು ತಿಂಗಳು ಮಾನಸಿಕ ಚಿಕಿತ್ಸಾಲಯದಲ್ಲಿದ್ದು ಮನೆಗೆ ಮರಳಿದ್ದಾನೆ. ಚಿತ್ರ ಆರಂಭವಾಗುವುದು ಇದೆಲ್ಲ ಮುಗಿದ ಮೇಲೆ. ಹೊರನೋಟಕ್ಕೆ ಎಲ್ಲವೂ ಸರಿಹೋದ ಮನೆ ಅದು. ಹುಲ್ಲುಹಾಸು ಒಪ್ಪವಾಗಿದೆ, ಊಟದ ಮೇಜು ಒಪ್ಪವಾಗಿದೆ, ಮಾತುಗಳೂ ಒಪ್ಪವಾಗಿವೆ. ಹುಡುಗನೊಬ್ಬನಿಗೆ ಮಾತ್ರ ನಿದ್ದೆ ಬರುತ್ತಿಲ್ಲ.

ತಾಯಿ ಬೆತ್ ಪಾತ್ರಕ್ಕೆ ರೆಡ್‌ಫೋರ್ಡ್ ಆರಿಸಿದ್ದು ಮೇರಿ ಟೈಲರ್ ಮೂರ್ ಎಂಬ ನಟಿಯನ್ನು. ಈ ಆಯ್ಕೆಯ ಸಾಹಸ ನಮಗೆ ಥಟ್ಟನೆ ತಿಳಿಯುವಂಥದಲ್ಲ. 1961ರಿಂದ 1977ರವರೆಗೆ ಎರಡು ದೂರದರ್ಶನ ಧಾರಾವಾಹಿಗಳ ಮೂಲಕ ಅಮೆರಿಕದ ಮನೆಮನೆಯನ್ನು ನಗಿಸಿದ ಮುಖ ಅದು. ತಮ್ಮ ಮನೆಯ ಮಗಳೆಂದೇ ಜನ ಅವಳನ್ನು ಭಾವಿಸಿದ್ದರು. ಅಂಥ ನಗುಮುಖದಾಕೆಯನ್ನು ಕರೆದು, ಮಗನನ್ನು ಅಪ್ಪಿಕೊಳ್ಳಲಾರದ ತಾಯಿಯಾಗಿ ನಿಲ್ಲಿಸಿದರು. ಆ ನಗು ಚಿತ್ರದಲ್ಲಿ ಎಲ್ಲಿಯೂ ಮಾಯವಾಗುವುದಿಲ್ಲ. ಅತಿಥಿಗಳೆದುರು ಬೆತ್ ನಗುತ್ತಲೇ ಇರುತ್ತಾಳೆ, ಬಾಗಿಲು ಮುಚ್ಚಿದೊಡನೆ ನಗು ನಿಲ್ಲುತ್ತದೆ.

ಬೆಳಗಿನ ಉಪಾಹಾರದ ಒಂದು ಚಿಕ್ಕ ಪ್ರಸಂಗವನ್ನು ನೋಡಿ. ತಾಯಿ ಮಗನ ಮುಂದೆ ಅವನ ಮೆಚ್ಚಿನ ತಿನಿಸನ್ನಿಡುತ್ತಾಳೆ. ಅವನು ಹಸಿವಿಲ್ಲವೆನ್ನುತ್ತಾನೆ. ಮರುಕ್ಷಣವೇ ತಟ್ಟೆಯನ್ನೆತ್ತಿಕೊಂಡು ಹೋಗಿ, ತಿನಿಸನ್ನು ಸಿಂಕಿನೊಳಗಿನ ಅರೆಯುವ ಯಂತ್ರಕ್ಕೆ ತುರುಕಿಬಿಡುತ್ತಾಳೆ. ಬೈಗುಳವಿಲ್ಲ, ಕಣ್ಣೀರಿಲ್ಲ. ನಮ್ಮ ಈಗಿನ ಧಾರಾವಾಹಿಗಳಲ್ಲಾಗಿದ್ದರೆ ಮೂರು ಬಾರಿ ಮಿಂಚು ಹೊಡೆದು, ನಗಾರಿ ಬಾರಿಸಿ, ತಾಯಿಯ ಹುಬ್ಬನ್ನು ಹಣೆಯವರೆಗೆ ಏರಿಸುತ್ತಿದ್ದರು. ಇಲ್ಲಿ ಆ ಯಂತ್ರದ ಸದ್ದೊಂದೇ ಕೇಳಿಸುತ್ತದೆ. ಇನ್ನೊಮ್ಮೆ ಕುಟುಂಬದವರು ಕೂಡಿ ಭಾವಚಿತ್ರ ತೆಗೆಯುವಾಗ, ತಾಯಿ ಮಗನೊಡನೆ ನಿಲ್ಲಲಿ ಎಂದು ತಂದೆ ಕ್ಯಾಮರಾ ಹಿಡಿಯುತ್ತಾನೆ. ಕ್ಯಾಮರಾವನ್ನು ನನಗೆ ಕೊಡಿ, ನಿಮ್ಮ ಚಿತ್ರವನ್ನು ನಾನು ತೆಗೆಯುತ್ತೇನೆ ಎಂದು ಅವಳು ನಗುನಗುತ್ತಲೇ ಹಟ ಹಿಡಿಯುತ್ತಾಳೆ. ಮಗನ ಪಕ್ಕದಲ್ಲಿ ಅರೆಕ್ಷಣ ನಿಲ್ಲುವುದೂ ಅವಳಿಗೆ ದುಸ್ತರ. ಅದನ್ನು ಅರಿತ ಹುಡುಗ ಸಿಡಿದು ಕೂಗುತ್ತಾನೆ. ಆಮೇಲೆ ಅಡುಗೆಮನೆಯಲ್ಲಿ ತಟ್ಟೆಯೊಂದು ಒಡೆಯುತ್ತದೆ; ಬೆತ್ ಎರಡು ಹೋಳುಗಳನ್ನು ಜೋಡಿಸಿ ಹಿಡಿದು, ನೇರವಾಗಿ ಒಡೆದಿದೆ, ಸರಿಮಾಡಬಹುದು ಎನ್ನುತ್ತಾಳೆ.

ನೋಡಿದವರಲ್ಲಿ ಹೆಚ್ಚಿನವರು ಈ ತಾಯಿಯನ್ನು ಶಪಿಸುತ್ತಾರಂತೆ. ನನಗೆ ಹಾಗೆ ಮಾಡಲು ಮನಸ್ಸು ಬರಲಿಲ್ಲ. ಮಗನನ್ನು ಕಳೆದುಕೊಂಡವಳು ಅವಳೂ ಹೌದು. ಅವಳ ಶೋಕಕ್ಕೆ ಹೊರಬರುವ ದಾರಿಯಿಲ್ಲದೆ ಅದು ಶಿಸ್ತಾಗಿ ಹೆಪ್ಪುಗಟ್ಟಿದೆ. ಸಂತೋಷಕೂಟವೊಂದರಲ್ಲಿ ಗಂಡನು ತಮ್ಮ ಮಗ ಮನೋವೈದ್ಯರಲ್ಲಿಗೆ ಹೋಗುತ್ತಿರುವ ಸಂಗತಿಯನ್ನು ಪರಿಚಿತಳೊಬ್ಬಳಿಗೆ ಹೇಳಿಬಿಡುತ್ತಾನೆ. ಮನೆಗೆ ಮರಳುವಾಗ ಕಾರಿನಲ್ಲಿ ಬೆತ್ ಕೆರಳುತ್ತಾಳೆ. ಮನೆಯ ಮಾತು ಬೀದಿಗೆ ಬಿತ್ತಲ್ಲ ಎಂಬುದು ಅವಳ ಸಂಕಟ. ಈ ದೃಶ್ಯವನ್ನು ನೋಡುವಾಗ ಇದು ಅಮೆರಿಕವೆಂಬುದೇ ನನಗೆ ಮರೆತುಹೋಯಿತು.

ಏಕೆಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಇದೇ ದನಿ ಕೇಳಿಸುತ್ತದೆ. ಮಗ ಕಾಲೇಜಿಗೆ ಹೋಗುತ್ತಿಲ್ಲ, ಕೋಣೆಯ ಬಾಗಿಲು ತೆರೆಯುವುದಿಲ್ಲ, ಮಗಳು ತಿಂಗಳಿಂದ ಸರಿಯಾಗಿ ಉಂಡಿಲ್ಲ ಎಂದು ಬರೆಯುವ ತಂದೆತಾಯಿಗಳು ಕೊನೆಯ ಸಾಲಿನಲ್ಲಿ, ಬೀಗರಿಗೂ ಊರವರಿಗೂ ತಿಳಿಯದಂತೆ ಏನಾದರೂ ಉಪಾಯವಿದ್ದರೆ ತಿಳಿಸಿ ಎಂದು ಸೇರಿಸುತ್ತಾರೆ. ಮೊದಲ ಹತ್ತು ಸಾಲುಗಳಿಗಿಂತ ಆ ಕೊನೆಯ ಸಾಲೇ ನನ್ನನ್ನು ಹೆಚ್ಚು ಕಳವಳಕ್ಕೀಡುಮಾಡುತ್ತದೆ. ಬಾಗಿಲ ಹಿಂದಿರುವ ಮಗು ಅದನ್ನು ಓದದಿದ್ದರೂ ಬಲ್ಲದು. ತನ್ನ ನೋವಿಗಿಂತ ಮನೆಯ ಮಾನ ದೊಡ್ಡದೆಂದು ಅದು ತಿಳಿದುಕೊಂಡಿರುತ್ತದೆ. ಅಂಥವರಿಗಾಗಿ ಒಂದು ಮಾತು: 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ 'ಟೆಲಿ ಮಾನಸ್' ಎಂಬ ಉಚಿತ ದೂರವಾಣಿ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಮುಖ್ಯ ಆಧಾರ. 14416 ಎಂಬ ಸಂಖ್ಯೆಗೆ ಹಗಲಿರುಳು ಯಾವ ಹೊತ್ತಿನಲ್ಲಾದರೂ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಪೊಲೀಸು, ಮೊಕದ್ದಮೆ ಎಂಬ ಹೆದರಿಕೆಯೂ ಬೇಡ. ಜೀವ ನೀಗಿಕೊಳ್ಳಲು ಯತ್ನಿಸಿದವರನ್ನು ತೀವ್ರ ಒತ್ತಡಕ್ಕೆ ಸಿಲುಕಿದವರೆಂದೇ ಭಾವಿಸಬೇಕು, ಶಿಕ್ಷೆಗೆ ಗುರಿಪಡಿಸಲಾಗದು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯೇ ಹೇಳುತ್ತದೆ.

ಚಿತ್ರಕ್ಕೆ ಮರಳೋಣ. ಮೂರ್ ಅವರ ಬದುಕಿನ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾಗದು. 1978ರಲ್ಲಿ, ಚಿತ್ರೀಕರಣಕ್ಕೆ ಮುನ್ನವೇ, ಅವರ ತಂಗಿ ಕಿರಿಯ ಪ್ರಾಯದಲ್ಲಿ ತೀರಿಕೊಂಡಿದ್ದಳು. ಚಿತ್ರವು 1980ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾಯಿತು. ಮುಂದಿನ ತಿಂಗಳು, ಅಕ್ಟೋಬರಿನಲ್ಲಿ, ಅವರ ಒಬ್ಬನೇ ಮಗ 24ರ ಹರೆಯದಲ್ಲಿ ಬಂದೂಕಿನ ಆಕಸ್ಮಿಕದಲ್ಲಿ ಮಡಿದ. ತೆರೆಯ ಮೇಲೆ ಅಳಲಾರದ ತಾಯಿಯನ್ನು ಜನ ನೋಡುತ್ತಿದ್ದಾಗ, ತೆರೆಯ ಹೊರಗೆ ಆಕೆ ನಿಜವಾಗಿಯೂ ಪುತ್ರಶೋಕದಲ್ಲಿದ್ದರು. 2017ರಲ್ಲಿ ಅವರು ನಿಧನರಾದರು.

ತಂದೆ ಕ್ಯಾಲ್ವಿನ್ ಪಾತ್ರವನ್ನು ವಹಿಸಿದವರು ಡೊನಾಲ್ಡ್ ಸದರ್ಲೆಂಡ್. ಇದು ಮೇಲುನೋಟಕ್ಕೆ ಸಪ್ಪೆಯೆನಿಸುವ ಪಾತ್ರ. ತೆರಿಗೆ ವ್ಯವಹಾರದ ವಕೀಲ, ಸಜ್ಜನ, ಎಲ್ಲರನ್ನೂ ಸಮಾಧಾನಪಡಿಸುತ್ತ ತಿರುಗುವ ಗೃಹಸ್ಥ. ಮಗನನ್ನು ಕಂಡಾಗಲೆಲ್ಲ ಚೆನ್ನಾಗಿದ್ದೀಯಾ ಎಂದು ಕೇಳುತ್ತಾನೆ, ಚೆನ್ನಾಗಿದ್ದೇನೆ ಎಂಬ ಉತ್ತರವನ್ನೇ ಹಾರೈಸುತ್ತ ಕೇಳುತ್ತಾನೆ. ಇಂಥ ತಂದೆಯರು ನಮ್ಮಲ್ಲಿ ಎಷ್ಟು ಮಂದಿ! ಇವನ ಕಣ್ಣು ತೆರೆಯುವ ಸಂದರ್ಭವೋ, ಅತಿ ಸಣ್ಣದೊಂದು ನೆನಪು. ಹಿರಿಯ ಮಗನ ಅಂತ್ಯಕ್ರಿಯೆಗೆ ಹೊರಟು ನಿಂತಾಗ ಹೆಂಡತಿ ಅವನ ಅಂಗಿಯನ್ನೂ ಬೂಟುಗಳನ್ನೂ ಕುರಿತು ಮಾತನಾಡಿದ್ದಳು. ಆ ದಿನ ಯಾವ ಬೂಟು ಧರಿಸಿದರೇನು ಎಂಬ ಪ್ರಶ್ನೆ ಎಷ್ಟೋ ಕಾಲದ ಮೇಲೆ ಅವನ ಬಾಯಿಗೆ ಬರುತ್ತದೆ. ಇದನ್ನು ಸದರ್ಲೆಂಡ್ ಮೆಲುದನಿಯಲ್ಲಿ, ತಡವರಿಸುತ್ತ ನುಡಿಯುತ್ತಾರೆ. ಪ್ರಮುಖ ಪಾತ್ರಧಾರಿಗಳಾದ ನಾಲ್ವರ ಪೈಕಿ ಮೂವರಿಗೆ ಆಸ್ಕರ್ ನಾಮನಿರ್ದೇಶನ ದೊರೆಯಿತು, ಇವರಿಗೆ ಮಾತ್ರ ದೊರೆಯಲಿಲ್ಲ. ತೂಕದ ನಟನೆ ಕಣ್ಣಿಗೆ ಬೀಳುವುದೇ ಅಪರೂಪವೇನೋ. 2017ರಲ್ಲಿ ಅಕಾಡೆಮಿಯು ಗೌರವ ಪ್ರಶಸ್ತಿಯಿತ್ತು ಸಾಲ ತೀರಿಸಿತು. 2024ರ ಜೂನ್‌ನಲ್ಲಿ ಅವರೂ ಹೋದರು.

ವೈದ್ಯ ಬರ್ಗರ್ ಆಗಿ ಬಂದವರು ಜಡ್ ಹರ್ಶ್. ಆಗ ಅವರೂ 'ಟ್ಯಾಕ್ಸಿ' ಎಂಬ ಹಾಸ್ಯ ಧಾರಾವಾಹಿಯಲ್ಲಿ ದುಡಿಯುತ್ತಿದ್ದವರೇ. ಇವರ ಕೋಣೆಯಲ್ಲಿ ಜಾರೆಟ್ ಮನೆಯ ಒಪ್ಪ ಓರಣ ಒಂದೂ ಇಲ್ಲ. ಬೆಳಕು ಸಾಲದು, ಸಾಮಾನುಗಳು ಚೆಲ್ಲಾಪಿಲ್ಲಿ, ಉಡುಪೂ ಅಷ್ಟಕ್ಕಷ್ಟೆ. ನನ್ನ ಮೇಲೆ ನನಗೆ ಹತೋಟಿ ಬರಬೇಕು ಎಂದು ಹುಡುಗ ಕೇಳಿದರೆ, ಹತೋಟಿಯ ಬಗ್ಗೆ ತನಗೆ ಅಷ್ಟೇನೂ ಒಲವಿಲ್ಲವೆಂದು ಈ ವೈದ್ಯ ಹೇಳಿಬಿಡುತ್ತಾನೆ. ಉಪದೇಶಿಸುವುದಿಲ್ಲ, ಕೆಣಕುತ್ತಾನೆ, ಹುಡುಗ ರೇಗಿದರೆ ರೇಗಗೊಡುತ್ತಾನೆ. ಆಸ್ಪತ್ರೆಯಲ್ಲಿ ಜೊತೆಗಿದ್ದ ಕ್ಯಾರೆನ್ ಎಂಬ ಗೆಳತಿ ತನ್ನ ಜೀವ ನೀಗಿಕೊಂಡಳೆಂಬ ಸುದ್ದಿ ತಿಳಿದ ರಾತ್ರಿ ಕಾನ್ರಾಡ್ ದಿಕ್ಕುಗೆಟ್ಟು ಓಡುತ್ತಾನೆ. ಅವನ ಕರೆಗೆ ಓಗೊಟ್ಟು ವೈದ್ಯ ಹೊತ್ತಲ್ಲದ ಹೊತ್ತಿನಲ್ಲಿ ಬಂದು ಬಾಗಿಲು ತೆರೆಯುತ್ತಾನೆ. ಅಣ್ಣ ಕೈಬಿಟ್ಟ, ನಾನು ಬಿಡಲಿಲ್ಲ, ಅದೇ ನನ್ನ ಅಪರಾಧ ಎಂಬ ಮಾತು ಹುಡುಗನ ಬಾಯಿಂದ ಹೊರಡುವುದು ಆಗಲೇ. ರೋಗಿಯೆಂದು ಗುರುತಿಸಲ್ಪಟ್ಟವನೊಬ್ಬನೇ ಆ ಮನೆಯಲ್ಲಿ ಸತ್ಯವನ್ನು ನುಡಿಯಲು ಹೆಣಗುತ್ತಿದ್ದವನೆಂದು ನಮಗೂ ಆಗಲೇ ತಿಳಿಯುತ್ತದೆ.

ಆ ಕ್ಯಾರೆನ್ ಪಾತ್ರದ ಡೈನಾ ಮನಾಫ್ ತೆರೆಯ ಮೇಲಿರುವುದು ಕೆಲವೇ ನಿಮಿಷ. ತಾನು ಈಗ ಪೂರ್ತಿ ಚೆನ್ನಾಗಿದ್ದೇನೆ, ವೈದ್ಯರ ಸಹವಾಸ ಬಿಟ್ಟೆ ಎಂದು ಉತ್ಸಾಹದಿಂದ ಹೇಳಿಹೋಗುವ ಆ ಹುಡುಗಿಯ ಮುಖವನ್ನು ಇನ್ನೊಮ್ಮೆ ನೋಡಿದರೆ ಎದೆ ಝಲ್ಲೆನ್ನುತ್ತದೆ. ಸಹಪಾಠಿ ಜೆನೀನ್ ಆಗಿ ನಟಿಸಿದ ಎಲಿಜಬೆತ್ ಮೆಕ್‌ಗವರ್ನ್ ಆಗಿನ್ನೂ ನ್ಯೂಯಾರ್ಕಿನ ಜೂಲಿಯಾರ್ಡ್ ಕಲಾಶಾಲೆಯ ವಿದ್ಯಾರ್ಥಿನಿ. ಹುಡುಗನ ಕೈಮೇಲಿನ ಕಲೆಯನ್ನು ಕಂಡು, ನೋವಾಯಿತೇ ಎಂದು ನೇರವಾಗಿ ಕೇಳುವವಳು ಅವಳೊಬ್ಬಳೇ.

ಇನ್ನು ಕಾನ್ರಾಡ್. ತಿಮೊತಿ ಹಟನ್ ಅದುವರೆಗೆ ಕೆಲವು ದೂರದರ್ಶನ ಚಿತ್ರಗಳಲ್ಲಿ ಕಾಣಿಸಿಕೊಂಡಿದ್ದ ಹುಡುಗ. ಅವನ ತಂದೆ ಜಿಮ್ ಹಟನ್ ಕೂಡ ನಟ. 1979ರ ಜೂನ್‌ನಲ್ಲಿ ಯಕೃತ್ತಿನ ಕ್ಯಾನ್ಸರಿನಿಂದ 45ರ ಪ್ರಾಯದಲ್ಲಿ ಅಸುನೀಗಿದರು. ಕೆಲವೇ ತಿಂಗಳುಗಳಲ್ಲಿ ಮಗ ಈ ಚಿತ್ರದ ಕ್ಯಾಮರಾದೆದುರು ನಿಂತ. ಬಗ್ಗಿದ ಹೆಗಲು, ಮಾತಿಗೆ ಮುನ್ನ ಗಂಟಲಲ್ಲಿ ಏನನ್ನೋ ನುಂಗುವ ರೀತಿ, ತಾಯಿಯನ್ನು ಅಪ್ಪಿಕೊಂಡಾಗ ಅವಳು ಮರದಂತೆ ಕುಳಿತಿದ್ದರೂ ಸಾವಕಾಶವಾಗಿ ಕೈ ಸಡಿಲಿಸುವ ಸಂಯಮ, ಇವುಗಳಲ್ಲಿ ಎಷ್ಟು ಅಭಿನಯ, ಎಷ್ಟು ಅನುಭವ ಎಂದು ವಿಂಗಡಿಸುವುದು ಅಭಿನವಗುಪ್ತನಿಗೂ ಕಷ್ಟವಾಗುತ್ತಿತ್ತು. ಕೊನೆಗೆ ತಾಯಿ ಪೆಟ್ಟಿಗೆ ಕಟ್ಟಿಕೊಂಡು ಹೊರಟುಹೋಗುತ್ತಾಳೆ. ಬೆಳಗಿನ ಚಳಿಯಲ್ಲಿ ತಂದೆ ಮಗ ಮನೆಯ ಹಿಂದಿನ ಅಂಗಳದಲ್ಲಿ ಕುಳಿತು ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಾರೆ. ಹುಡುಗ ಪೂರ್ಣ ಗುಣಹೊಂದಿದನೆಂದು ಚಿತ್ರ ಎಲ್ಲಿಯೂ ಸಾರುವುದಿಲ್ಲ.

1981ರ ಮಾರ್ಚ್ 31ರಂದು ನಡೆದ ಸಮಾರಂಭದಲ್ಲಿ ಈ ಚಿತ್ರಕ್ಕೆ ನಾಲ್ಕು ಆಸ್ಕರ್ ಪ್ರಶಸ್ತಿಗಳು ಸಂದವು. ಪೋಷಕನಟನ ಪ್ರಶಸ್ತಿಗೆ ವೈದ್ಯನೂ ರೋಗಿಯೂ, ಎಂದರೆ ಹರ್ಶ್ ಮತ್ತು ಹಟನ್, ಒಬ್ಬರಿಗೊಬ್ಬರು ಸ್ಪರ್ಧಿಗಳಾಗಿದ್ದುದು ಒಂದು ವಿನೋದ. ಗೆದ್ದವನು ಹುಡುಗ. ಆಗ ಅವನಿಗೆ 20 ವರ್ಷ. ಆ ವಿಭಾಗದಲ್ಲಿ ಅವನಿಗಿಂತ ಕಿರಿಯರು ಇಂದಿಗೂ ಯಾರೂ ಗೆದ್ದಿಲ್ಲ. ವೇದಿಕೆಯೇರಿದ ಅವನು ತಂದೆಗೆ ಕೃತಜ್ಞತೆ ಹೇಳಿ, ಅವರು ಇಲ್ಲಿರಬೇಕಾಗಿತ್ತು ಎಂದ.