ಊರಿನ ತೋಟದ ಲೆಕ್ಕ

ಮುಂಬಯಿಯಲ್ಲೋ ಪುಣೆಯಲ್ಲೋ ಸಂಸಾರ ಹೂಡಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ, ಊರಿನಲ್ಲಿ ಒಂದೆರಡು ಎಕರೆ ಅಡಿಕೆ ತೋಟವನ್ನು ಉಳಿಸಿಕೊಂಡವರು ಕಡಮೆಯೇನಲ್ಲ. ಪುತ್ತೂರು, ಬಂಟ್ವಾಳ, ಶಿರಸಿ, ಸಿದ್ದಾಪುರ, ಸಾಗರ, ತೀರ್ಥಹಳ್ಳಿ—ತೋಟ ಎಲ್ಲಿಯದೇ ಇರಲಿ, ಕಥೆ ಬಹುಮಟ್ಟಿಗೆ ಒಂದೇ. ಅಣ್ಣತಮ್ಮಂದಿರಲ್ಲಿ ಒಬ್ಬನು ಊರಲ್ಲಿ ನಿಂತು ತೋಟ ನೋಡಿಕೊಳ್ಳುತ್ತಾನೆ. ಉಳಿದವರು ಮೇ ತಿಂಗಳ ರಜೆಗೆ ಮಕ್ಕಳನ್ನು ಕರೆದುಕೊಂಡು ಹೋಗಿಬರುತ್ತಾರೆ. ಹೋದಾಗಲೆಲ್ಲ, ಊಟವಾದ ಮೇಲೆ ಜಗಲಿಯಲ್ಲಿ ಎಲೆಯಡಿಕೆಯ ತಟ್ಟೆಯ ಸುತ್ತ ಅದೇ ಪ್ರಶ್ನೆ ಏಳುತ್ತದೆ: “ತೋಟದಲ್ಲಿ ಏನು ಉಳಿಯುತ್ತದೆ?” ಊರಿನವನು “ಏನೂ ಇಲ್ಲ” ಎನ್ನುತ್ತಾನೆ. ಪೇಟೆಯವರು ಅಡಿಕೆಯ ಧಾರಣೆಯನ್ನು ಪತ್ರಿಕೆಯಲ್ಲಿ ಓದಿಕೊಂಡೇ ಹೋಗಿರುತ್ತಾರಾದುದರಿಂದ ಆ ಮಾತನ್ನು ನಂಬುವುದಿಲ್ಲ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನಡುವೆ ಬರೆದಿಟ್ಟ ಲೆಕ್ಕ ಒಂದಿಲ್ಲ, ಅಷ್ಟೆ. ಈ ಸಲ ನಮ್ಮ ವಾಚಕ ಬಂಧುಗಳೊಂದಿಗೆ ಆ ಲೆಕ್ಕವನ್ನೇ ಸ್ವಲ್ಪ ಬಿಡಿಸಿ ನೋಡೋಣವೆಂದಿದ್ದೇವೆ.

ಮೊದಲು ಖರ್ಚಿನ ಬದಿ. ಗೊಬ್ಬರ, ಔಷಧ, ಕೊನೆಗಾರನ ಕೂಲಿ, ಪಂಪಿನ ರಿಪೇರಿ—ಇವನ್ನೆಲ್ಲ ಎಲ್ಲರೂ ಬರೆಯುತ್ತಾರೆ. ಬರೆಯದೆ ಬಿಡುವ ಬಾಬತ್ತು ಒಂದಿದೆ: ಊರಲ್ಲಿರುವ ತಮ್ಮನ ಸಂಬಳ. ಅವನು ಬೆಳಗ್ಗೆ ನೀರು ಬಿಡುತ್ತಾನೆ, ಮಧ್ಯಾಹ್ನ ಆಳುಗಳನ್ನು ಹುಡುಕುತ್ತಾನೆ, ರಾತ್ರಿ ಕಾಡುಹಂದಿ ಬಂತೇ ಎಂದು ಎದ್ದು ನೋಡುತ್ತಾನೆ. ಅವನ ಹೆಂಡತಿ ಅಡಿಕೆ ಹರವುತ್ತಾಳೆ, ಹಸು ಕರೆಯುತ್ತಾಳೆ, ಆಳುಗಳಿಗೆ ಚಹಾ ತಿಂಡಿ ಒದಗಿಸುತ್ತಾಳೆ. ಇಬ್ಬರ ದುಡಿಮೆಯೂ ಲೆಕ್ಕದ ಪುಸ್ತಕದಲ್ಲಿ ಸೊನ್ನೆ! ಅದೇ ಕೆಲಸಕ್ಕೆ ನಂಬಿಕೆಯ ಮೇಲ್ವಿಚಾರಕನೊಬ್ಬನನ್ನು ಇಟ್ಟರೆ ತಿಂಗಳಿಗೆ ಎಷ್ಟು ಕೊಡಬೇಕಾಗುತ್ತಿತ್ತೋ ಅಷ್ಟನ್ನು ಮೊದಲ ಸಾಲಿನಲ್ಲೇ ಖರ್ಚು ಹಾಕಬೇಕು. ಅದು ಕಳೆದ ಮೇಲೆ ಉಳಿದದ್ದೇ ತೋಟದ ಲಾಭ. ಪಾಲಿನ ಮಾತು ಅಲ್ಲಿಂದ ಮುಂದೆ. ರಜೆ ಮುಗಿಸಿ ಹೊರಡುವಾಗ ನಾವು ಚೀಲ ತುಂಬಿಕೊಂಡು ಬರುವ ತೆಂಗಿನಕಾಯಿ, ಕಾಳುಮೆಣಸು, ಮಾವಿನಮಿಡಿಗಳನ್ನೂ ಆ ದಿನದ ಪೇಟೆಯ ದರದಲ್ಲಿ ಬರೆಯಿಸುವುದು ಒಳ್ಳೆಯದು. ಕೊಡುವವರಿಗೆ ಸಂಕೋಚವಾಗಬಹುದು; ಪುಸ್ತಕಕ್ಕೆ ಸಂಕೋಚವಿಲ್ಲ.

ಇನ್ನು ಹುಟ್ಟುವಳಿ. ಒಂಬತ್ತು ಅಡಿಗೊಂದರಂತೆ ನೆಟ್ಟ ತೋಟದಲ್ಲಿ ಎಕರೆಗೆ ಸುಮಾರು 540 ಅಡಿಕೆ ಮರ ಹಿಡಿಯುತ್ತವೆ. ತೋಟಕ್ಕೆ ಇಳಿದು ಒಮ್ಮೆ ಎಣಿಸಿ ನೋಡಿ. ಬಿದ್ದವು, ಚಂಡೆ ಒಣಗಿದವು, ಮುದಿಯಾಗಿ ಹೆಸರಿಗಷ್ಟೇ ನಿಂತವು—ಇವುಗಳನ್ನು ಕಳೆದರೆ ಅನೇಕ ಕಡೆ ಫಲ ಕೊಡುವ ಮರ 440 ಉಳಿದರೆ ಪುಣ್ಯ. ಮರಕ್ಕೆ ಎರಡು ಕಿಲೋ ಚಾಲಿ ಎಂದಿಟ್ಟುಕೊಂಡರೂ ಆ ನೂರು ಖಾಲಿ ಗುಂಡಿಗಳ ನಷ್ಟ ವರ್ಷಕ್ಕೆ ಎರಡು ಕ್ವಿಂಟಲ್. ಬೇಲಿ, ಕಾವಲು, ಕಳೆ ತೆಗೆಯುವುದು—ಇವು ಮಾತ್ರ 540 ಮರಕ್ಕಾಗುವಷ್ಟೇ. ಆದುದರಿಂದ ಸಣ್ಣ ತೋಟದ ಮೊದಲ ಲಾಭ ಹೊಸ ಬೆಳೆಯಲ್ಲಿಲ್ಲ, ಖಾಲಿ ಗುಂಡಿ ತುಂಬುವುದರಲ್ಲಿದೆ. ಸಸಿ ನೆಟ್ಟರೆ ಫಲಕ್ಕೆ ಐದಾರು ವರ್ಷ ಕಾಯಬೇಕು. ಊರಲ್ಲಿರುವವನಿಗೆ ಕೈಯಿಂದ ಹಾಕಿ ಕಾಯುವ ತ್ರಾಣ ಇರುವುದಿಲ್ಲ. ಈ ಖರ್ಚನ್ನು ಪೇಟೆಯ ಸಂಬಳದವರು ಹೊರುವುದೇ ನ್ಯಾಯ.

ಎರಡನೆಯದು ಮಳೆಗಾಲದ ಕೊಳೆರೋಗ. ಮೈಸೂರು ಸಂಸ್ಥಾನದಲ್ಲಿದ್ದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಸುಮಾರು 110 ವರ್ಷಗಳ ಹಿಂದೆಯೇ ಈ ರೋಗವನ್ನು ಅಭ್ಯಾಸ ಮಾಡಿ, ಬೋರ್ಡೋ ದ್ರಾವಣದಿಂದ ಅದನ್ನು ತಡೆಯಬಹುದೆಂದು ತೋರಿಸಿಕೊಟ್ಟರು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು—ಪಾಕ ಇಂದಿಗೂ ಅದೇ. ಮಳೆ ಹಿಡಿಯುವ ಮೊದಲೊಮ್ಮೆ, ಅಲ್ಲಿಂದ 40-45 ದಿನಕ್ಕೆ ಇನ್ನೊಮ್ಮೆ ಗೊನೆಗೆ ತಾಗುವಂತೆ ಹೊಡೆಯಬೇಕು. ತಪ್ಪುವುದು ಪಾಕದಲ್ಲಲ್ಲ, ಹೊತ್ತಿನಲ್ಲಿ. ಮರ ಹತ್ತುವವರು ಸಿಗದೆ ಹದಿನೈದು ದಿನ ತಡವಾದರೆ ಎಳೆಗಾಯಿಗಳು ಬುಡಕ್ಕೆ ಉದುರಿ ವರ್ಷದ ಆಸೆಯೆಲ್ಲ ಹೋಗುತ್ತದೆ. ಈಗ ನೆಲದಲ್ಲಿ ನಿಂತೇ ಔಷಧ ಹೊಡೆಯಲು, ಗೊನೆ ಇಳಿಸಲು ಹಗುರವಾದ ಕಾರ್ಬನ್ ಫೈಬರ್ ದೋಟಿಗಳು ಬಂದಿವೆ. ಒಂದು ಮನೆಗೆ ಅದರ ಬೆಲೆ ಭಾರವೇ. ನಾಲ್ಕು ಮನೆ ಕೂಡಿಕೊಂಡರೆ ಹಗುರ. ಹಬ್ಬಕ್ಕೆ ಉಡುಗೊರೆ ಕೊಡಬೇಕೆನ್ನುವ ಮುಂಬಯಿಯ ಅಣ್ಣನಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ಹೊಳೆಯಲಾರದು.

ಮೂರನೆಯದು, ಒಂದೇ ಬೆಳೆಯನ್ನು ನಂಬಿ ಕೂರದಿರುವುದು. 1970ರ ಆಸುಪಾಸಿನಲ್ಲಿ ಅಡಿಕೆಯ ಧಾರಣೆ ಕುಸಿದು ಬೆಳೆಗಾರರು ಕಂಗಾಲಾದ ಮೇಲೆಯೇ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸಹಕಾರಿ ಸಂಸ್ಥೆ ಹುಟ್ಟಿದ್ದು. ಈಚೆಗೆ ಬಯಲುಸೀಮೆಯ ಗದ್ದೆಗಳಲ್ಲೂ ಅಡಿಕೆ ಎದ್ದು ನಿಂತಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದ್ದನ್ನೂ ಕಣ್ಣುಮುಚ್ಚಿ ಮರೆಯುವಂತಿಲ್ಲ. ಆದರೆ ಅಡಿಕೆಯ ಮರ ಕೇವಲ ಅಡಿಕೆಗಾಗಿ ನಿಂತಿರಬೇಕೆಂದೇನಿದೆ? ಅದರ ಮೈಗೆ ಮೆಣಸಿನ ಬಳ್ಳಿ ಹಬ್ಬಿಸಿದರೆ ಬೇರೆ ನೆಲ ಬೇಡ. ಇನ್ನೂರು ಮರಕ್ಕೆ ಬಳ್ಳಿ ಹತ್ತಿ, ಬಳ್ಳಿಗೆ ಅರ್ಧ ಕಿಲೋ ಒಣಮೆಣಸು ಬಂದರೂ ಒಂದು ಕ್ವಿಂಟಲ್ ಆಯಿತು. ಚೆನ್ನಾಗಿ ಒಣಗಿಸಿದ ಮೆಣಸು ವರ್ಷಗಟ್ಟಲೆ ಕೆಡದೆ ಇರುತ್ತದೆ. ಮಗಳ ಮದುವೆಗೋ ಮಗನ ಕಾಲೇಜಿಗೋ ತೆಗೆದಿಟ್ಟ ಗಂಟಿನಂತೆ. ಬುಡದಲ್ಲಿ ನೀರು ನಿಲ್ಲದಂತೆ ಕಾಲುವೆ ತೆಗೆಯದಿದ್ದರೆ ಮಾತ್ರ ಸೊರಗುರೋಗ ಬಂದು ಬಳ್ಳಿ ಕೈಬಿಡುತ್ತದೆ. ಎರಡು ಮರಗಳ ನಡುವಣ ನೆರಳಿಗೆ ಕೊಕ್ಕೋ ಒಗ್ಗುತ್ತದೆ. ಕ್ಯಾಂಪ್ಕೊದ ಚಾಕೊಲೇಟ್ ಕಾರ್ಖಾನೆ 1986ರಿಂದ ಪುತ್ತೂರಿನಲ್ಲಿದೆ. ಎಳೆ ಸಸಿಗಳ ನಡುವೆ ಬಾಳೆ ಹಾಕಿದರೆ ಸಸಿಗೆ ನೆರಳೂ ಆಯಿತು, ಕೈಗೆ ಕಾಸೂ ಆಯಿತು.

ಗೊಬ್ಬರದ ಖರ್ಚನ್ನು ಕೊಟ್ಟಿಗೆ ಇಳಿಸುತ್ತದೆ. ವರ್ಷಕ್ಕೆ ಮರವೊಂದಕ್ಕೆ 12 ಕಿಲೋ ಹಸಿರುಸೊಪ್ಪು, 12 ಕಿಲೋ ಕೊಟ್ಟಿಗೆಗೊಬ್ಬರ ಬೇಕೆಂಬುದು ಕೃಷಿ ಸಂಶೋಧಕರ ಶಿಫಾರಸು. 500 ಮರಕ್ಕೆ ಆರು ಟನ್ನು ಗೊಬ್ಬರವಾಯಿತು. ದಿನಕ್ಕೆ ಹತ್ತು ಕಿಲೋ ಸೆಗಣಿಯೆಂದರೆ ಎರಡು ಹಸುಗಳಿಂದ ವರ್ಷಕ್ಕೆ ಏಳು ಟನ್ನಿಗೆ ಮೇಲೆ. ಕಳಿಯುವಾಗ ತೂಕ ಇಳಿದರೂ ಕೊಟ್ಟಿಗೆಗೆ ಹಾಸಿದ ಸೊಪ್ಪು, ದರಗು ಸೇರಿ ಬಹುಪಾಲು ತುಂಬಿಬರುತ್ತದೆ. ಹಾಲಿನ ಲೆಕ್ಕದಲ್ಲಿ ಮಾತ್ರ ನೋಡಿ ಹಸು ಮಾರುವವರು ಈ ಬಾಬತ್ತನ್ನು ಮರೆಯುತ್ತಾರೆ. ಮರವೊಂದು ವರ್ಷಕ್ಕೆ ಆರೇಳು ಸೋಗೆ ಉದುರಿಸುತ್ತದೆ. ಅದರ ಹಾಳೆಯಿಂದ ಊಟದ ತಟ್ಟೆ ಮಾಡುವವರು ಈಗ ಊರೂರಿಗೂ ಇದ್ದಾರೆ. ಒದ್ದೆಯಾಗದಂತೆ ಹೆಕ್ಕಿಟ್ಟರೆ ಮನೆಯ ಹೆಂಗಸರ ಕೈಖರ್ಚಿಗಾದರೂ ಆದೀತು. ಹನಿಗೂಡಿದರೆ ಹಳ್ಳ.

ಮಾರಾಟದಲ್ಲೂ ಆತುರ ಸಲ್ಲದು. ಬಿಸಿಲಿನಲ್ಲಿ ಸುಮಾರು 40 ದಿನ ಒಣಗಿದ ಚಾಲಿಯನ್ನು ಇಟ್ಟು ಮಾರಬಹುದು. ಹಳೆಯ ಚಾಲಿಗೆ ಹೆಚ್ಚಿನ ದರ ಸಿಗುವುದೂ ಉಂಟು. ಮನೆಬಾಗಿಲಿಗೆ ಬಂದ ವ್ಯಾಪಾರಿಗೆ ಎಲ್ಲವನ್ನೂ ಒಂದೇ ದಿನ ಅಳೆದುಕೊಡುವವನು ಸಾಮಾನ್ಯವಾಗಿ ಸಾಲದ ಕಂತಿಗೆ ಹೆದರಿದವನು. ಅವನಿಗೆ ಆರು ತಿಂಗಳ ಕೈಗಡ ಒದಗಿಸಿದರೆ ಮೂರು ನಾಲ್ಕು ಕಂತಿನಲ್ಲಿ, ಸಹಕಾರಿ ಸಂಘದ ಮೂಲಕ, ದರ ನೋಡಿ ಕೊಡುತ್ತಾನೆ. ಶಿರಸಿಯ ತೋಟಗಾರ್ಸ್ ಸೊಸೈಟಿ 1923ರಿಂದ ನಡೆದುಬಂದಿರುವುದು ಸುಮ್ಮನೆಯಲ್ಲ.

ನೋಡಿಕೊಳ್ಳುವವರೇ ಇಲ್ಲವೆಂದು ತೋಟವನ್ನು ಬಾಯಿಮಾತಿನಲ್ಲಿ ಗೇಣಿಗೆ ಕೊಡುವ ಯೋಚನೆ ಕೆಲವರಿಗೆ ಬರುತ್ತದೆ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ಮೇಲೆ ಕರ್ನಾಟಕದಲ್ಲಿ ಕೃಷಿಭೂಮಿಯ ಗೇಣಿಗೆ ಸಾಮಾನ್ಯವಾಗಿ ಅವಕಾಶವಿಲ್ಲ. ತಿಳಿದ ವಕೀಲರನ್ನು ಕೇಳದೆ ಹೆಜ್ಜೆಯಿಡಬಾರದು. ಪಹಣಿಯನ್ನು ಈಗ ಮುಂಬಯಿಯಲ್ಲಿ ಕೂತೇ ನೋಡಬಹುದು. ಹೆಸರುಗಳು ಸರಿಯಾಗಿವೆಯೇ ಎಂದು ವರ್ಷಕ್ಕೊಮ್ಮೆ ನೋಡಿಕೊಳ್ಳುವುದು ಪೇಟೆಯವರ ಪಾಲಿನ ಕೆಲಸವಾಗಲಿ.

ಇಷ್ಟೆಲ್ಲ ಮಾಡಿ, ಮೂರು ವರ್ಷದ ಲೆಕ್ಕ ಬರೆದ ಮೇಲೂ ತಮ್ಮನ ಸಂಬಳವೇ ಹುಟ್ಟದಿದ್ದರೆ? ಆಗ ಅವನು ದುಡಿದು ನಮ್ಮೆಲ್ಲರ ನೆನಪನ್ನು ಸಾಕುತ್ತಿದ್ದಾನೆಂದೇ ಅರ್ಥ. ಆ ನೆನಪಿನ ಬೆಲೆಯನ್ನು ಎಲ್ಲರೂ ಕೂಡಿ ಅವನಿಗೆ ಸಲ್ಲಿಸಬೇಕು. ಇಲ್ಲವೇ ತೋಟವನ್ನು ಅವನ ಹೆಸರಿಗೆ ಮಾಡಿಕೊಟ್ಟು ಅವನ ಇಷ್ಟಕ್ಕೆ ಬಿಡಬೇಕು. ಎರಡನ್ನೂ ಮಾಡದೆ ವರ್ಷವರ್ಷವೂ ಪಾಲು ಕೇಳುವ ಮನೆಗಳಲ್ಲಿ ಮೊದಲು ಮಾತು ನಿಲ್ಲುತ್ತದೆ, ಆಮೇಲೆ ರಜೆಯ ಪ್ರಯಾಣವೂ ನಿಲ್ಲುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಹಿರಿಯರು ಹೇಳಿದ್ದು ನಮ್ಮಂಥ ತೋಟದವರಿಗೇ ಇರಬೇಕು.

ಬರುವ ರಜೆಗೆ ಊರಿಗೆ ಹೋಗುವ ಬಂಧುಗಳು ಮಕ್ಕಳ ಬಟ್ಟೆಬರೆಯ ಜೊತೆಗೆ ಒಂದು ದಪ್ಪ ನೋಟುಪುಸ್ತಕವನ್ನೂ ಕಟ್ಟಿಕೊಳ್ಳಲಿ. ಮೊದಲ ಪುಟದ ಮೊದಲ ಸಾಲಿನಲ್ಲಿ ತಮ್ಮನ ಸಂಬಳವನ್ನು ಅಣ್ಣನೇ ತನ್ನ ಕೈಯಿಂದ ಬರೆಯಲಿ. ಉಳಿದ ಸಾಲುಗಳನ್ನು ತಮ್ಮನು ತುಂಬುತ್ತಾನೆ.