1947ರಲ್ಲೇ ಮುಗಿದುಹೋಗುವ ಪಾಠ

“ಸ್ವಾತಂತ್ರ್ಯ ಬರುವವರೆಗಿನದು ಇತಿಹಾಸ, ಆಮೇಲಿನದೆಲ್ಲ ರಾಜಕೀಯ. ಅದನ್ನು ಮಕ್ಕಳ ತಲೆಗೆ ತುಂಬಬೇಡಿ.” ಪಠ್ಯಕ್ರಮದ ಬಗ್ಗೆ ಈಚೆಗೆ ನಡೆದ ಮಾತುಕತೆಯೊಂದರಲ್ಲಿ ಪಾಲಕರೊಬ್ಬರು ಹೀಗೆಂದಾಗ ಸುತ್ತಲಿದ್ದವರು ತಲೆದೂಗಿದರು. ಮಾತಿನ ಹಿಂದೆ ಇದ್ದದ್ದು ಮಕ್ಕಳ ಮೇಲಿನ ಕಾಳಜಿಯೇ. ಆದರೂ ಅದು ತಪ್ಪು. ಹದಿನೈದು ಹದಿನಾರರ ಪ್ರಾಯದವರಿಗೆ ಚರಿತ್ರೆಯಲ್ಲಿ ಒಂದೇ ಒಂದು ಕಾಲವನ್ನು ಕಲಿಸಲು ಬಿಡುವಿದೆ ಎಂದಾದರೆ ನಾನು ಆರಿಸುವುದು 1947ರಿಂದ ಅರವತ್ತರ ದಶಕದ ಕೊನೆಯವರೆಗಿನ ಇಪ್ಪತ್ತು ವರ್ಷಗಳನ್ನು. ಅವರ ಊರು ಯಾವ ರಾಜ್ಯಕ್ಕೆ ಸೇರಿತು, ಅಜ್ಜ ಉತ್ತ ಗದ್ದೆಯ ಪಹಣಿಯಲ್ಲಿ ಯಾರ ಹೆಸರಿತ್ತು, ಅಕ್ಕನಿಗೆ ಅಪ್ಪನ ಆಸ್ತಿಯಲ್ಲಿ ಪಾಲುಂಟೋ ಇಲ್ಲವೋ, ಇವೆಲ್ಲ ತೀರ್ಮಾನವಾದದ್ದು, ಇಲ್ಲವೇ ತೀರ್ಮಾನವಾಗದೆ ಮುಂದಕ್ಕೆ ಬಿದ್ದದ್ದು ಆಗಲೇ. ಇನ್ನೆರಡು ಮೂರು ವರ್ಷದಲ್ಲಿ ಮತ ಹಾಕಲಿರುವವರು ಇವರು.

ಪಾಠವೇ ಇಲ್ಲವೆಂದಲ್ಲ. ಹತ್ತನೆಯ ತರಗತಿಯ ಸಮಾಜ ವಿಜ್ಞಾನದಲ್ಲಿ ಸ್ವಾತಂತ್ರ್ಯೋತ್ತರ ಭಾರತಕ್ಕೂ ಜಾಗವಿದೆ. ಆದರೆ ಅದರ ಸರದಿ ಬರುವ ಹೊತ್ತಿಗೆ ಪರೀಕ್ಷೆ ಹತ್ತಿರವಾಗಿರುತ್ತದೆ. ಪಟೇಲರನ್ನು ಉಕ್ಕಿನ ಮನುಷ್ಯ ಎನ್ನಲು ಕಾರಣವೇನು ಎಂಬುದಕ್ಕೆ ಮೂರು ಅಂಶ ಬಾಯಿಪಾಠ ಮಾಡಿಸಿದರೆ ಆಯಿತು. ಪಾಠದ ವಾಕ್ಯಗಳು ಹೀಗಿರುತ್ತವೆ: ನಿರಾಶ್ರಿತರಿಗೆ ಪುನರ್ವಸತಿ ಕಲ್ಪಿಸಲಾಯಿತು, ಸಂಸ್ಥಾನಗಳನ್ನು ವಿಲೀನಗೊಳಿಸಲಾಯಿತು, ಭಾಷಾವಾರು ಪ್ರಾಂತ್ಯಗಳನ್ನು ರಚಿಸಲಾಯಿತು. ಈ ವಾಕ್ಯಗಳಲ್ಲಿ ಯಾರೂ ಏನನ್ನೂ ಬಯಸುವುದಿಲ್ಲ, ಯಾರೂ ಅಡ್ಡ ನಿಲ್ಲುವುದಿಲ್ಲ, ಯಾರಿಗೂ ನಷ್ಟವಾಗುವುದಿಲ್ಲ. ಇನ್ನು ಆ ಕಾಲದ ತಪ್ಪನ್ನೆಲ್ಲ ಒಬ್ಬರ ಹೆಸರಿಗೆ ಬರೆದು ಮೊಬೈಲಿನಿಂದ ಮೊಬೈಲಿಗೆ ದಾಟಿಸುವವರ ಜೊತೆ ವಾದಕ್ಕೆ ಕೂರುವುದು ಹೊತ್ತುಗೇಡು.

ಆ ವರ್ಷಗಳನ್ನು ಜಗಳಗಳಾಗಿಯೇ ಕಲಿಸಬೇಕು ಎಂಬುದು ನನ್ನ ವಾದ. ಮುಂದೇನಾಗುತ್ತದೆಂದು ತಿಳಿಯದ ಜನ, ಕೈಯಲ್ಲಿದ್ದಷ್ಟು ಮಾಹಿತಿ ಹಿಡಿದುಕೊಂಡು, ಒಬ್ಬರೊಡನೊಬ್ಬರು ಸೆಣಸುತ್ತ ತೀರ್ಮಾನಗಳಿಗೆ ಬಂದರು. ಹುಡುಗರಿಗೆ ಆ ತೀರ್ಮಾನಗಳ ಪಟ್ಟಿ ಸಾಲದು. ತೀರ್ಮಾನಕ್ಕೆ ಮೊದಲಿನ ಇಕ್ಕಟ್ಟು ಅವರಿಗೆ ಕಾಣಬೇಕು.

ಮೊದಲ ಮಹಾಚುನಾವಣೆಯನ್ನೇ ತೆಗೆದುಕೊಳ್ಳಿ. 1951ರ ಅಕ್ಟೋಬರ್‌ನಿಂದ 1952ರ ಫೆಬ್ರುವರಿವರೆಗೆ ಅದು ನಡೆಯಿತು. ಮತದಾರರು ಹದಿನೇಳು ಕೋಟಿಗೂ ಹೆಚ್ಚು. ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಜನಕ್ಕೆ ಓದು ಬರಹ ಬಾರದು. ಹಾಗಾಗಿ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಅದರ ಮೇಲೆ ಜೋಡೆತ್ತು, ಆಲದ ಮರ, ಗುಡಿಸಲು, ದೀಪ ಇಂಥ ಚಿಹ್ನೆ. ಬೇಕಾದವರ ಪೆಟ್ಟಿಗೆಗೆ ಚೀಟಿ ಹಾಕಿದರಾಯಿತು. ಇಷ್ಟನ್ನು ಸಾಧನೆ ಎಂದು ಹೇಳಿ ಮುಗಿಸುವುದುಂಟು. ಆದರೆ ಪಟ್ಟಿ ತಯಾರಿಸುವಾಗ ಉತ್ತರದ ಪ್ರಾಂತ್ಯಗಳಲ್ಲಿ ಲಕ್ಷಾಂತರ ಹೆಂಗಸರು ಅಪರಿಚಿತರಿಗೆ ತಮ್ಮ ಹೆಸರು ಹೇಳಲು ಒಪ್ಪಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದಕ್ಕೆ ಒಪ್ಪಲಿಲ್ಲ. ಸ್ವಂತ ಹೆಸರಿಲ್ಲದವರನ್ನು ಪಟ್ಟಿಯಿಂದ ತೆಗೆಸಿದರು. ಸುಮಾರು 28 ಲಕ್ಷ ಹೆಂಗಸರು ಆ ಸಲ ಮತದ ಹಕ್ಕು ಕಳೆದುಕೊಂಡರು. ಗಂಡನ ಹೆಸರಿನ ನೆರಳಲ್ಲಿ ಮತ ಹಾಕಲು ಬಿಡಬೇಕಿತ್ತೇ, ಅಥವಾ ಗಣರಾಜ್ಯ ಹೆಣ್ಣನ್ನು ಅವಳ ಹೆಸರಿನಿಂದಲೇ ಗುರುತಿಸುತ್ತದೆ ಎಂದು ಹಟ ಹಿಡಿದದ್ದು ಸರಿಯೇ? ಹತ್ತನೆಯ ತರಗತಿಯ ಹುಡುಗಿಯರ ಮುಂದೆ ಈ ಪ್ರಶ್ನೆ ಇಟ್ಟರೆ ಪಾಠದ ಅವಧಿ ಸಾಲುವುದಿಲ್ಲ.

ನಮ್ಮ ನೆಲದ್ದೇ ಆದ ಇನ್ನೊಂದು ಉದಾಹರಣೆ ಕಾಗೋಡು. ಸಾಗರದ ಹತ್ತಿರದ ಆ ಊರಿನ ಗೇಣಿದಾರರು ಬಹುಪಾಲು ದೀವರ ಸಮುದಾಯದವರು. ಗೇಣಿ ಭತ್ತ ಅಳೆದುಕೊಳ್ಳಲು ಒಡೆಯರು ಬಳಸುತ್ತಿದ್ದ ಕೊಳಗ ನ್ಯಾಯದ ಅಳತೆಗಿಂತ ದೊಡ್ಡದು. ಕಣದಲ್ಲಿ ಭತ್ತದ ರಾಶಿಯ ಮುಂದೆ ಕೂತು ಕೊಳಗ ಕೊಳಗವಾಗಿ ಎಣಿಸುವಾಗ ಪ್ರತಿ ಎಣಿಕೆಯಲ್ಲೂ ಒಂದಿಷ್ಟು ಕಾಳು ಒಡೆಯರ ಕಡೆಗೆ ಹೆಚ್ಚಾಗಿ ಹೋಗುತ್ತಿತ್ತು. ಎಚ್. ಗಣಪತಿಯಪ್ಪನವರ ಮುಂದಾಳತನದಲ್ಲಿ ರೈತ ಸಂಘ ಕಟ್ಟಿಕೊಂಡವರು ಕೊಳಗ ಸರಿಯಾಗಬೇಕೆಂದರು. ಒಡೆಯರು ಗದ್ದೆ ಬಿಡಿಸಲು ಹೊರಟರು. 1951ರ ಏಪ್ರಿಲ್‌ನಲ್ಲಿ ರೈತರು ನೇಗಿಲು ಹೊತ್ತು ತಾವು ಉಳುತ್ತಿದ್ದ ಗದ್ದೆಗೇ ಇಳಿದು ಬಂಧನಕ್ಕೊಳಗಾದರು. ಸಮಾಜವಾದಿ ಪಕ್ಷ ಬೆನ್ನಿಗೆ ನಿಂತಿತು. ಜೂನ್‌ನಲ್ಲಿ ಅದರ ನಾಯಕ ಲೋಹಿಯಾ ಬಂದು ತಾವೂ ಸೆರೆಯಾದರು.

ಸಂವಿಧಾನ ಜಾರಿಗೆ ಬಂದು ಆಗಿನ್ನೂ ಒಂದೂವರೆ ವರ್ಷವೂ ಕಳೆದಿರಲಿಲ್ಲ. ಮೈಸೂರಿನ ಮುಖ್ಯಮಂತ್ರಿಯಾಗಿದ್ದವರು ಕೆ.ಸಿ. ರೆಡ್ಡಿ. 1947ರಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ ‘ಮೈಸೂರು ಚಲೋ’ದ ಮುಂದಾಳು ಅವರೇ. ಸತ್ಯಾಗ್ರಹದಿಂದಲೇ ಅಧಿಕಾರಕ್ಕೆ ಬಂದ ಸರ್ಕಾರ ಸತ್ಯಾಗ್ರಹಿಗಳನ್ನು ಜೈಲಿಗೆ ಕಳಿಸಿತು. ಹಾಗೆಂದು ಸರ್ಕಾರವನ್ನು ಖಳನನ್ನಾಗಿ ಮಾಡಿ ಬಿಟ್ಟರೆ ಅದೂ ಅರೆ ಪಾಠವೇ. ಆಸ್ತಿಯ ಹಕ್ಕು ಆಗ ಮೂಲಭೂತ ಹಕ್ಕಾಗಿತ್ತು, 1978ರ ಸಂವಿಧಾನ ತಿದ್ದುಪಡಿಯವರೆಗೂ ಹಾಗೇ ಇತ್ತು. ಕಾಗದಪತ್ರ ಒಡೆಯರ ಕಡೆಗಿತ್ತು. ಅದೇ ಸಂವಿಧಾನ ಸಮಾನತೆಯ ಮಾತನ್ನೂ ಕೊಟ್ಟಿತ್ತು. ಎರಡು ಭರವಸೆಗಳು ಒಂದೇ ಗದ್ದೆಯ ಬದುವಿನ ಮೇಲೆ ಮುಖಾಮುಖಿ ನಿಂತವು. ಮರುವರ್ಷದ ಚುನಾವಣೆಯಲ್ಲಿ ಸಾಗರ-ಹೊಸನಗರದವರು ಸಮಾಜವಾದಿ ಪಕ್ಷದ, ಇನ್ನೂ ಮೂವತ್ತು ತುಂಬದ ಶಾಂತವೇರಿ ಗೋಪಾಲಗೌಡರನ್ನು ವಿಧಾನಸಭೆಗೆ ಆರಿಸಿದರು. ಉಳುವವನಿಗೇ ನೆಲ ಎಂಬುದು ಕೈಗೆ ಬರಲು ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಮತದ ಹಕ್ಕು ಒಂದೇ ದಿನದಲ್ಲಿ ಬಂತು, ನೆಲ ಬರಲು ಇಪ್ಪತ್ತಮೂರು ವರ್ಷ ಹಿಡಿಯಿತು. ಗಣರಾಜ್ಯವೆಂದರೆ ಏನೆಂದು ತಿಳಿಸಲು ಇಷ್ಟು ಹತ್ತಿರದ, ಇಷ್ಟು ಸ್ಪಷ್ಟವಾದ ಪಾಠ ನನಗೆ ಬೇರೆ ಕಾಣದು. ನಮ್ಮ ಬಹಳಷ್ಟು ಮಕ್ಕಳಿಗೆ ಚಂಪಾರಣ್ಯ ಗೊತ್ತು, ಕಾಗೋಡು ಗೊತ್ತಿಲ್ಲ. ಇದನ್ನು ನೆನೆದರೆ ಸಿಟ್ಟು ಬರುತ್ತದೆ.

ಹೀಗೆ ಜಗಳಗಳಾಗಿ ಕಲಿಸುವುದಕ್ಕೆ ಅನುಭವಿ ಮೇಷ್ಟರ ಆಕ್ಷೇಪವೊಂದಿದೆ, ಅದು ತೂಕದ್ದು. ಒಡೆಯರ ಮೊಮ್ಮಗನೂ ಗೇಣಿದಾರರ ಮೊಮ್ಮಗಳೂ ಒಂದೇ ತರಗತಿಯಲ್ಲಿರುತ್ತಾರೆ. 1974ರ ಬಳಿಕ ಗೇಣಿಗೆ ಕೊಟ್ಟಿದ್ದ ನಾಲ್ಕೆಕರೆಯನ್ನೂ ಕಳೆದುಕೊಂಡ ಬಡ ವಿಧವೆಯರ ಮನೆಗಳಿವೆ. ಆ ನೋವನ್ನು ಕೆದಕಿ, ಗಂಟೆ ಬಾರಿಸಿದ ಮೇಲೆ ಹುಡುಗರನ್ನು ಹಾಗೇ ಮನೆಗೆ ಕಳಿಸಬಹುದೇ? ಇನ್ನೊಂದು ಆಕ್ಷೇಪವೂ ಸರಿಯೇ. ಇಸವಿ, ಹೆಸರು, ಕಾಯ್ದೆ ಗೊತ್ತಿಲ್ಲದವರ ಕೈಗೆ ವಾದ ಕೊಟ್ಟರೆ ಬರೀ ಗದ್ದಲವಾಗುತ್ತದೆ. ಈ ಎರಡನೆಯದನ್ನು ನಾನು ಪೂರ್ತಿ ಒಪ್ಪುತ್ತೇನೆ. ಮೊದಲು ಸಂಗತಿ, ಆಮೇಲೆ ವಾದ. ಇಪ್ಪತ್ತು ವರ್ಷಗಳ ಎಲ್ಲವನ್ನೂ ಹೀಗೆ ಕಲಿಸಲಾಗದು, ನಾಲ್ಕೈದು ಘಟನೆ ಸಾಕು.

ಮೊದಲ ಆಕ್ಷೇಪ ಇನ್ನೂ ಕಠಿಣ. ಕಲಬುರಗಿ, ಬೀದರಿನ ಶಿಕ್ಷಕರಿಗೆ ಅದರ ಬಿಸಿ ಹೆಚ್ಚು. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಸಂಸ್ಥಾನಕ್ಕೆ ಭಾರತದ ಸೇನೆ ಬರುವ ಮುಂಚೆ ನಿಜಾಮನ ಪರವಾದ ರಜಾಕಾರರ ಪಡೆ ಹಳ್ಳಿಗಳಲ್ಲಿ ನಡೆಸಿದ ಹಿಂಸೆಯನ್ನು ಅಲ್ಲಿನ ಮನೆಮನೆಗಳು ಬಲ್ಲವು. ಸೇನೆ ಬಂದ ಮೇಲೆ ಮುಸ್ಲಿಮರ ಮೇಲೆ ನಡೆದ ಹತ್ಯೆಗಳನ್ನೂ ಬಲ್ಲವು. ಅದನ್ನು ತಿಳಿದು ಬರಲು ದೆಹಲಿಯೇ ಕಳಿಸಿದ ಪಂಡಿತ್ ಸುಂದರಲಾಲರ ತಂಡದ ವರದಿ ದಶಕಗಳ ಕಾಲ ಹೊರಬರಲಿಲ್ಲ. ಮುಚ್ಚಿಟ್ಟದ್ದರಿಂದ ಯಾವ ಮನೆಯೂ ಮರೆಯಲಿಲ್ಲ. ಪ್ರತಿ ಮನೆಯೂ ತನ್ನ ಪಾಲಿನ ಅರ್ಧವನ್ನು ಮಾತ್ರ ನೆನಪಿಟ್ಟುಕೊಂಡಿತು. ಇನ್ನರ್ಧವನ್ನು ಮಕ್ಕಳು ಎಲ್ಲಿ ಕೇಳಬೇಕು? ಬೀದಿಯಲ್ಲಿ ಕೇಳುವುದಕ್ಕಿಂತ, ಎರಡನ್ನೂ ಒಂದೇ ಧ್ವನಿಯಲ್ಲಿ ಹೇಳಬಲ್ಲ ಮೇಷ್ಟರ ಬಾಯಿಂದ ಕೇಳಲಿ. ಹದಿಮೂರಕ್ಕೆ ಬೇಡ, ಪಿಯುಸಿಗೆ ಬಂದವರಿಗೆ ಇರಲಿ. ಪಾಲಕರ ದೂರು ಬಂದ ದಿನ ಆ ಶಿಕ್ಷಕರ ಬೆನ್ನಿಗೆ ಇಲಾಖೆ ನಿಲ್ಲಬೇಕು. ಅದಿಲ್ಲದೆ ಧೈರ್ಯ ಮಾಡಿ ಎನ್ನುವ ಹಕ್ಕು ನಮಗಿಲ್ಲ.

ಶುರು ಮಾಡಲು ಸುಲಭದ್ದು ಕರ್ನಾಟಕದ ಏಕೀಕರಣ. ನವೆಂಬರ್ ಒಂದರಂದು ಬಾವುಟ ಹಾರಿಸುವ ಮಕ್ಕಳಿಗೆ, ಹಳೇ ಮೈಸೂರಿನ ಹಲವು ನಾಯಕರೇ ಅದನ್ನು ವಿರೋಧಿಸಿದ್ದರೆಂದು ಯಾರೂ ಹೇಳುವುದಿಲ್ಲ. ಮೈಸೂರಿನ ದುಡ್ಡು ಬರಗಾಲದ ಉತ್ತರಕ್ಕೆ ಹರಿದೀತು ಎಂಬ ಅಂಜಿಕೆ ಅವರದು. ಲಿಂಗಾಯತರ ಸಂಖ್ಯೆ ಏರಿ ಒಕ್ಕಲಿಗರ ಹಿಡಿತ ಸಡಿಲವಾದೀತು ಎಂಬ ಲೆಕ್ಕವೂ ಇತ್ತು. ಅತ್ತ ಧಾರವಾಡ, ಹುಬ್ಬಳ್ಳಿಯವರು ಮುಂಬಯಿ ಪ್ರಾಂತ್ಯದ ಅಂಚಿನಲ್ಲಿ ಕೇಳುವವರಿಲ್ಲದೆ ಬೇಸತ್ತಿದ್ದರು. ಅದರಗುಂಚಿ ಶಂಕರಗೌಡರು 1953ರಲ್ಲಿ ಏಕೀಕರಣಕ್ಕಾಗಿ ಉಪವಾಸ ಕೂತರು. ರಾಜ್ಯಗಳ ಪುನರ್ವಿಂಗಡಣೆಗೆ ನೇಮಕವಾಗಿದ್ದ ಫಜಲ್ ಅಲಿ ಆಯೋಗದ ವರದಿ 1955ರಲ್ಲಿ ಬಂದ ಮೇಲೆ ಮೈಸೂರು ವಿಧಾನಸಭೆಯಲ್ಲಿ ಇದರ ಮೇಲೆ ಬಿರುಸಿನ ಚರ್ಚೆ ನಡೆಯಿತು. ಗೋಪಾಲಗೌಡರು ಏಕೀಕರಣದ ಪರ ನಿಂತರು. ಮುಖ್ಯಮಂತ್ರಿ ಹನುಮಂತಯ್ಯನವರು ಸ್ವಂತ ಕಡೆಯವರ ಸಿಟ್ಟನ್ನು ಕಟ್ಟಿಕೊಂಡು ಒಪ್ಪಿದರು.

ಆ ಚರ್ಚೆಯಿಂದ ಪರ ಎರಡು, ವಿರೋಧ ಎರಡು ಭಾಷಣಗಳನ್ನು ಆರಿಸಿ ಎಂಟು ಪುಟದಲ್ಲಿ ಅಚ್ಚು ಹಾಕಿದರೆ ಮೊದಲ ಪಾಠ ಸಿದ್ಧ. ಪ್ರಶ್ನೆಪತ್ರಿಕೆಯಲ್ಲಿ ಏಕೀಕರಣದ ಇಸವಿ ಕೇಳುವ ಬದಲು, ವಿರೋಧಿಸಿದವರ ಮಾತಿನಲ್ಲಿ ಯಾವುದು ಗಟ್ಟಿ, ಅದಕ್ಕೆ ನಿನ್ನ ಉತ್ತರವೇನು ಎಂದು ಕೇಳಲಿ. ಇಂಥ ಉತ್ತರಕ್ಕೆ ಅಂಕ ಕೊಡುವುದು ಕಷ್ಟ ಎನ್ನುವವರಿದ್ದಾರೆ. ಕನ್ನಡ ಪತ್ರಿಕೆಯಲ್ಲಿ ಪ್ರಬಂಧಕ್ಕೆ ವರ್ಷವರ್ಷವೂ ಅಂಕ ಕೊಡುತ್ತಲೇ ಬಂದಿದ್ದೇವೆ. ಸಮಾಜ ವಿಜ್ಞಾನದ ಮೌಲ್ಯಮಾಪಕರಿಗೂ ಅಷ್ಟು ತರಬೇತಿ ಕೊಟ್ಟರೆ ಮುಂದಿನ ವರ್ಷದಿಂದಲೇ ಇದು ಆಗುತ್ತದೆ.