ಜಯಂತಿಯ ದಿನವೂ ಜೋಪಾನದ ದುಡಿಮೆಯೂ

ಬಸವ ಜಯಂತಿಯನ್ನು ಸಾರ್ವಜನಿಕ ಉತ್ಸವವನ್ನಾಗಿ ಆಚರಿಸುವ ಪದ್ಧತಿ ಅನಾದಿಯಿಂದ ಬಂದುದಲ್ಲ. 1913ರಲ್ಲಿ ದಾವಣಗೆರೆಯಲ್ಲಿ ಅದನ್ನು ಆರಂಭಿಸಿದವರು ಹರ್ಡೇಕರ ಮಂಜಪ್ಪನವರು. ಶಾಲಾಶಿಕ್ಷಕ ವೃತ್ತಿಯನ್ನು ತೊರೆದು ಪತ್ರಿಕಾವ್ಯವಸಾಯಕ್ಕೆ ಇಳಿದಿದ್ದ ಅವರ ಕಣ್ಣಮುಂದೆ, ಲೋಕಮಾನ್ಯ ತಿಲಕರು ಗಣೇಶೋತ್ಸವವನ್ನು ಜನಜಾಗೃತಿಯ ಸಾಧನವನ್ನಾಗಿ ಮಾಡಿದ್ದ ನಿದರ್ಶನವಿತ್ತು. ಹತ್ತು ವರ್ಷಗಳ ತರುವಾಯ, 1923ರಲ್ಲಿ, ವಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಅಚ್ಚಾಯಿತು. ತಾಳೆಯೋಲೆಗಳನ್ನು ಅರಸಿ ಊರೂರು ತಿರುಗಿ, ಮುದ್ರಣಾಲಯಕ್ಕಾಗಿ ವಾಸದ ಮನೆಯನ್ನೇ ಮಾರಿದ ಮಹನೀಯರು ಅವರು. ಮಂಜಪ್ಪನವರು ನಾಡಿಗೆ ಒಂದು ದಿನವನ್ನು ಕೊಟ್ಟರು. ಆ ದಿನ ಓದಿ ಚಿಂತಿಸಲು ಬೇಕಾದ ಗ್ರಂಥವನ್ನು ಹಳಕಟ್ಟಿಯವರು ಕೊಟ್ಟರು. ಎರಡನೆಯ ಕಾರ್ಯ ನಡೆಯದಿದ್ದಲ್ಲಿ ಮೊದಲನೆಯದು ಬರಿಯ ಮೆರವಣಿಗೆಯಾಗಿ ಉಳಿಯುತ್ತಿತ್ತೆಂಬುದು ನಿರ್ವಿವಾದ.

ಇತ್ತೀಚಿನ ವರ್ಷಗಳು ಕನ್ನಡಿಗರ ಪಾಲಿಗೆ ವಾರ್ಷಿಕೋತ್ಸವಗಳ ಸುಗ್ಗಿಯಾಗಿವೆ. 2022ರಲ್ಲಿ ‘ಬಂಗಾರದ ಮನುಷ್ಯ’ ಚಿತ್ರಕ್ಕೆ ಐವತ್ತು ತುಂಬಿತು. 2023ರಲ್ಲಿ ರಾಜ್ಯಕ್ಕೆ ‘ಕರ್ನಾಟಕ’ವೆಂಬ ಹೆಸರು ಬಂದುದರ ಸುವರ್ಣ ಮಹೋತ್ಸವ ನಡೆಯಿತು. 2024ಕ್ಕೆ ಕನ್ನಡ ವಾಕ್ಚಿತ್ರಕ್ಕೆ ತೊಂಬತ್ತು. 2025ರ ಸೆಪ್ಟೆಂಬರ್ 18 ನಟ ವಿಷ್ಣುವರ್ಧನ್ ಅವರ ಎಪ್ಪತ್ತೈದನೆಯ ಜನ್ಮದಿನ. ಹಾರ, ದೀಪ, ಭಾಷಣಗಳಿಗೆ ಎಲ್ಲಿಯೂ ಕೊರತೆಯಿಲ್ಲ. ಚಲನಚಿತ್ರ ಕ್ಷೇತ್ರಕ್ಕೆ ದಿನವನ್ನು ಕೊಡುವವರು ಬೇಕಾದಷ್ಟು ಮಂದಿ ದೊರೆತಿದ್ದಾರೆ; ಓಲೆಯನ್ನು ಕೂಡಿಹಾಕುವವರು ದೊರೆತದ್ದು ವಿರಳ.

ವಚನಗಳೆಲ್ಲಿ, ಸಿನಿಮಾ ಎಲ್ಲಿ ಎಂದು ಹುಬ್ಬುಗಂಟಿಕ್ಕುವ ಪ್ರಾಜ್ಞರು ಇರಬಹುದು. ಅವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಉದ್ದೇಶ ಇಲ್ಲಿಲ್ಲ. ಆದರೆ ಓದಿದ ತರುಣರು ಪಟ್ಟಣವನ್ನು ಬಿಟ್ಟು ಹೊಲಕ್ಕೆ ಮರಳಿದರೆಂದು ಇಂದಿಗೂ ಹಳ್ಳಿಗಳಲ್ಲಿ ಹೇಳಿಕೊಳ್ಳುವುದು ಯಾವ ಪಠ್ಯಪುಸ್ತಕದ ವಿಷಯವಾಗಿಯೂ ಅಲ್ಲ, ‘ಬಂಗಾರದ ಮನುಷ್ಯ’ದ ವಿಷಯವಾಗಿ. 1982ರಲ್ಲಿ ಗೋಕಾಕ್ ವರದಿಯ ಪರವಾದ ಚಳವಳಿ ಊರೂರನ್ನು ಮುಟ್ಟಿದುದು ರಾಜಕುಮಾರರು ಅದರಲ್ಲಿ ಕಾಲಿಟ್ಟ ಮೇಲೆ. ಜನಜೀವನದ ಮೇಲೆ ಇಷ್ಟು ಪ್ರಭಾವ ಬೀರಿದ ಮಾಧ್ಯಮದ ದಾಖಲೆಯನ್ನು ಕಡೆಗಣಿಸುವುದು ಇತಿಹಾಸದ ಒಂದು ಭಾಗವನ್ನೇ ಕಡೆಗಣಿಸಿದಂತೆ.

ಮೊದಲ ವಾಕ್ಚಿತ್ರದ ಗತಿಯನ್ನೇ ನೋಡಬಹುದು. ‘ಸತಿ ಸುಲೋಚನಾ’ ಬೆಂಗಳೂರಿನಲ್ಲಿ ತೆರೆಕಂಡದ್ದು 1934ರ ಮಾರ್ಚ್ 3ರಂದು. ವೈ. ವಿ. ರಾವ್ ಅವರ ನಿರ್ದೇಶನ. ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾವ್ ಅವರ ಅಭಿನಯ. ಬೆಳ್ಳಾವೆ ನರಹರಿ ಶಾಸ್ತ್ರಿಗಳ ಸಾಹಿತ್ಯ. ಕನ್ನಡನಾಡಿನಲ್ಲಿ ಸೂಕ್ತ ಸ್ಟುಡಿಯೋ ಇಲ್ಲದ ಕಾರಣ ಚಿತ್ರೀಕರಣ ಕೊಲ್ಲಾಪುರದಲ್ಲಿ ನಡೆಯಿತು. ಇಷ್ಟೆಲ್ಲ ವಿವರ ದೊರೆಯುತ್ತದೆ. ಚಿತ್ರ ಮಾತ್ರ ದೊರೆಯುವುದಿಲ್ಲ. ಅದರ ಪ್ರತಿ ಉಳಿದುಬಂದಿಲ್ಲ. ಆ ಕಾಲದ ನೈಟ್ರೇಟ್ ಫಿಲ್ಮು ಸುಲಭವಾಗಿ ಹೊತ್ತಿಕೊಳ್ಳುವಂಥದು. ಹಳೆಯ ಸುರುಳಿಗಳನ್ನು ಅವುಗಳೊಳಗಿನ ಬೆಳ್ಳಿಗಾಗಿ ಕರಗಿಸುತ್ತಿದ್ದುದೂ ಉಂಟು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದುದು 1964ರಲ್ಲಿ, ಅಂದರೆ ಮೂವತ್ತು ವರ್ಷ ತಡವಾಗಿ. ಪ್ರತಿವರ್ಷ ಮಾರ್ಚ್ 3ರಂದು ಕೊಂಡಾಡಲ್ಪಡುವ ಈ ಕೃತಿಯನ್ನು ಕೊಂಡಾಡುವವರಲ್ಲಿ ಕಂಡವರು ಯಾರೂ ಇಲ್ಲ.

ಬೆಂಗಳೂರಿನ ಪಶ್ಚಿಮಭಾಗದ ನಿವಾಸಿಗಳಿಗೆ ಈ ವಿಚಾರ ಇನ್ನೂ ಸಮೀಪದ್ದು. ರಾಜಾಜಿನಗರದಿಂದ ಕೂಗಳತೆಯ ದೂರದಲ್ಲಿರುವ ಕಂಠೀರವ ಸ್ಟುಡಿಯೋದ ಆವರಣದಲ್ಲಿ ರಾಜಕುಮಾರರ ಸಮಾಧಿಯಿದೆ. ಪಾರ್ವತಮ್ಮನವರದೂ 2021ರಲ್ಲಿ ಅಗಲಿದ ಪುನೀತರದೂ ಅಲ್ಲಿಯೇ. ಅದು ಸರ್ಕಾರದ ಒಡೆತನದ ಸಂಸ್ಥೆಯ ನೆಲ. ಜನ ನಿತ್ಯವೂ ಬಂದು ಕೈಮುಗಿದು ಹೋಗುತ್ತಾರೆ. ಕೆಂಗೇರಿಯ ಕಡೆಗೆ ನಡೆದರೆ ಬೇರೆಯೇ ಕಥೆ. ಅಲ್ಲಿನ ಅಭಿಮಾನ್ ಸ್ಟುಡಿಯೋ ಹಿರಿಯ ನಟ ಟಿ. ಎನ್. ಬಾಲಕೃಷ್ಣರ ಕನಸು. ಕಿವಿ ಮಂದವಾಗಿದ್ದರೂ ಎದುರಿನವರ ತುಟಿಯ ಚಲನೆಯನ್ನು ಕಂಡೇ ಮಾತಿಗೆ ಮಾತು ಕೂಡಿಸಿದ ಆ ಕಲಾವಿದರು, ಸರ್ಕಾರ ನೀಡಿದ 20 ಎಕರೆ ಭೂಮಿಯಲ್ಲಿ ಅದನ್ನು ಕಟ್ಟಲು ಪಟ್ಟ ಪಾಡು ಚಿಕ್ಕದಲ್ಲ. 2009ರ ಡಿಸೆಂಬರ್ 30ರಂದು ನಿಧನರಾದ ವಿಷ್ಣುವರ್ಧನರ ಅಂತ್ಯಸಂಸ್ಕಾರ ನಡೆದುದು ಅಲ್ಲಿ. ಮುಂದೆ ಜಮೀನಿನ ವ್ಯಾಜ್ಯಗಳು ಬೆಳೆದವು. ಸ್ಮಾರಕ ಮೈಸೂರಿಗೆ ಹೋಗಿ 2023ರ ಜನವರಿಯಲ್ಲಿ ಉದ್ಘಾಟನೆಗೊಂಡಿತು. 2025ರ ಆಗಸ್ಟ್ ತಿಂಗಳಲ್ಲಿ ಕೆಂಗೇರಿಯ ಸಮಾಧಿಯನ್ನು ನೆಲಸಮ ಮಾಡಲಾಯಿತು. ಮರುತಿಂಗಳೇ ಅವರಿಗೆ ಮರಣೋತ್ತರ ಕರ್ನಾಟಕ ರತ್ನ ಘೋಷಣೆಯಾಯಿತು, ಎಪ್ಪತ್ತೈದರ ಜನ್ಮದಿನವೂ ಬಂತು. ನೆಲದ ಹಕ್ಕು ಯಾರದೆಂಬುದು ನ್ಯಾಯಾಲಯಗಳ ವಿಷಯ. ಆದರೆ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಜನ್ಮದಿನ, ಪುಣ್ಯತಿಥಿಗಳಂದು ಸಹಸ್ರಾರು ಜನ ಸೇರುತ್ತಿದ್ದ ಸ್ಥಳಕ್ಕೆ ಭದ್ರವಾದ ಒಂದು ಕಾಗದಪತ್ರವಾಗದೆ ಹೋದುದು ಚಿಂತನೀಯ. ಉತ್ಸವಕ್ಕೆ ತೋರಿದ ಶ್ರದ್ಧೆಯಲ್ಲಿ ಕಾಲುಭಾಗ ಈ ಕಡೆ ಹರಿದಿದ್ದರೂ ಸಾಕಾಗುತ್ತಿತ್ತೇನೋ.

ಒಳ್ಳೆಯ ನಿದರ್ಶನವೂ ಇಲ್ಲದಿಲ್ಲ. ಕೆ. ಸಿ. ಎನ್. ಗೌಡರು ನಿರ್ಮಿಸಿದ 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ವರ್ಣದಲ್ಲಿ ಮತ್ತೆ ತೆರೆಗೆ ಬಂದು, ಮೊಮ್ಮಕ್ಕಳ ಕಾಲದ ಪ್ರೇಕ್ಷಕರನ್ನೂ ಅಳಿಸಿತು. ಕಪ್ಪು-ಬಿಳುಪಿನ ಕೃತಿಗೆ ಬಣ್ಣ ಬಳಿಯಬೇಕಿತ್ತೆ ಎಂಬುದು ಬೇರೆ ಚರ್ಚೆ. ಬಳಿಯಲಾದರೂ ಮೂಲವೊಂದು ಉಳಿದಿತ್ತೆಂಬುದು ಮುಖ್ಯ.

ರಾಜಕುಮಾರರ ಜನ್ಮಶತಮಾನೋತ್ಸವ 2029ರಲ್ಲಿ ಬರುತ್ತದೆ, ವಾಕ್ಚಿತ್ರದ ಶತಮಾನೋತ್ಸವ 2034ರಲ್ಲಿ. ಅವುಗಳಿಗೆ ಚಪ್ಪರ ಹಾಕಿಸುವ ದಾನಿಗಳು ತಾವಾಗಿಯೇ ಮುಂದೆ ಬರುವರು. ಗೆದ್ದಲು ಹತ್ತದ ಎರಡು ಬೀರುಗಳಿಗೆ, ಒಬ್ಬ ಗ್ರಂಥಪಾಲಕನ ಸಂಬಳಕ್ಕೆ ಹಣ ಕೊಡುವವರು ಈಗ ಬೇಕಾಗಿದ್ದಾರೆ. ಚಿತ್ರಮಂದಿರಗಳ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕಗಳು, ಕರಪತ್ರಗಳು, ಚಿತ್ರಗಳಿಗೆ ಮೊದಲು ನಟರನ್ನು ತಯಾರುಮಾಡಿದ ನಾಟಕ ಕಂಪನಿಗಳ ಭಾವಚಿತ್ರಗಳು ವಿಜಯನಗರ, ಬಸವೇಶ್ವರನಗರಗಳ ಹಳೆಯ ಮನೆಗಳ ಟ್ರಂಕುಗಳಲ್ಲಿ ಇನ್ನೂ ಇರಬಹುದು. ಮನೆ ಕೆಡವಿ ಕಟ್ಟುವಾಗ ಅವು ರದ್ದಿಯವನ ಪಾಲಾಗುತ್ತವೆ. ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಬೇಸಿಗೆಯ ರಜೆಯಲ್ಲಿ ಅವನ್ನು ಕೇಳಿ ತರುವ ಕೆಲಸ ಒಪ್ಪಿಸುವುದು ಉಪಾಧ್ಯಾಯರಿಗೆ ಅಸಾಧ್ಯವೇನಲ್ಲ. ಪ್ರತಿ ಚಿತ್ರದ ಹಿಂಬದಿಯಲ್ಲಿ ಹೆಸರು, ಊರು, ಇಸವಿಗಳನ್ನು ಪೆನ್ಸಿಲಿನಲ್ಲಿ ಬರೆಸಿಡುವುದು ಮೊದಲು ಆಗಬೇಕಾದುದು; ಮುಖಗಳನ್ನು ಗುರುತಿಸಬಲ್ಲ ಹಿರಿಯ ವಿದ್ಯಾರ್ಥಿಗಳು ಇನ್ನೂ ಕೆಲವರಿದ್ದಾರೆ.